ಎಫ್1 ಒತ್ತಿದರೆ ಸಿಸ್ಟಮ್ ಆನ್ ಆಗುತ್ತದೆ. ಹಾಗಾದರೆ ಮದರ್‌ಬೋರ್ಡ್ ಹೋಗಿದೆಯಾ?

ಓದುಗರ ಪ್ರಶ್ನೆ:

"ಸರ್, ಶಿರಸಿ ಕಡೆ ಒಂದು ಸಣ್ಣ ಪೇಟೆಯಲ್ಲಿ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ನಡೆಸುತ್ತಿದ್ದೇನೆ. 2016ರಲ್ಲಿ ತಗೊಂಡ ಡೆಸ್ಕ್‌ಟಾಪ್, ವಿಂಡೋಸ್ 10 ಇದೆ. ಮಳೆಗಾಲ ಶುರುವಾದಾಗಿನಿಂದ ಬೆಳಿಗ್ಗೆ ಆನ್ ಮಾಡಿದರೆ ಕಪ್ಪು ಸ್ಕ್ರೀನ್ ಮೇಲೆ 'ಸಿಮೋಸ್ ಚೆಕ್‌ಸಮ್ ಎರರ್, ಡಿಫಾಲ್ಟ್ಸ್ ಲೋಡೆಡ್, ಪ್ರೆಸ್ ಎಫ್1 ಟು ಕಂಟಿನ್ಯೂ' ಎಂದು ಬರುತ್ತದೆ. ಸೋಮವಾರ ಗ್ಯಾರಂಟಿ ಬರುತ್ತದೆ, ಉಳಿದ ದಿನ ಒಮ್ಮೊಮ್ಮೆ. ಎಫ್1 ಒತ್ತಿದರೆ ಮುಂದೆ ಹೋಗುತ್ತದೆ. ಆದರೆ ತಾರೀಖು 2015ರ ಜನವರಿ 1 ಆಗಿರುತ್ತದೆ. ಆಗ ಬ್ಯಾಂಕಿನ ವೆಬ್‌ಸೈಟೂ ತೆರೆಯುವುದಿಲ್ಲ, ಸರ್ಕಾರದ್ದೂ ತೆರೆಯುವುದಿಲ್ಲ. 'ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್' ಎನ್ನುತ್ತದೆ. ಹೋದ ವಾರ ಎರಡು ಸಲ ಎಫ್1 ಒತ್ತಿದರೂ 'ರಿಮೂವ್ ಡಿಸ್ಕ್ಸ್ ಆರ್ ಅದರ್ ಮೀಡಿಯಾ' ಎಂದು ನಿಂತುಬಿಟ್ಟಿತು. ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿದಾಗ ಸರಿಯಾಯಿತು. ಇದಲ್ಲದೆ ವಿಂಡೋಸ್ ಬಂದ ಮೇಲೆ ದಿನಾ 'ರನ್‌ಡಿಎಲ್‌ಎಲ್' ಅಂತ ಒಂದು ಚಿಕ್ಕ ಬಾಕ್ಸ್ ಬರುತ್ತದೆ, ಯಾವುದೋ ಮಾಡ್ಯೂಲ್ ಸಿಗಲಿಲ್ಲ ಎನ್ನುತ್ತದೆ. ಅದು ಆಂಟಿವೈರಸ್ ಓಡಿಸಿದ ಮೇಲೆ ಶುರುವಾದದ್ದು.

ರಿಪೇರಿಯವರು ಬಂದು ನೋಡಿ ಮದರ್‌ಬೋರ್ಡ್ ಹೋಗಿದೆ, ಹೊಸ ಸಿಸ್ಟಮ್ ತಗೊಳ್ಳಿ ಎಂದರು. ಅಕ್ಕನ ಮಗ, ಎಲ್ಲಾ ವೈರಸ್ ಚಿಕ್ಕಮ್ಮಾ, ಫಾರ್ಮ್ಯಾಟ್ ಹೊಡೆದರೆ ಸರಿಹೋಗುತ್ತದೆ ಎನ್ನುತ್ತಾನೆ. ನನ್ನ ನುಡಿ ಫೈಲ್‌ಗಳು, ನಾಲ್ಕೈದು ಅಂಗಡಿಯವರ ಟ್ಯಾಲಿ ಲೆಕ್ಕ ಎಲ್ಲಾ ಇದರಲ್ಲೇ ಇವೆ. ಯಾರ ಮಾತು ಕೇಳಲಿ? ಹೀಗೆ ದಿನಾ ಎಫ್1 ಒತ್ತಿದರೆ ಏನಾದರೂ ಹಾಳಾಗುತ್ತದೆಯೇ?"

ಉತ್ತರ:

ಸದ್ಯಕ್ಕೆ ಇಬ್ಬರ ಮಾತನ್ನೂ ಕೇಳಬೇಡಿ. ನೀವು ಬರೆದದ್ದನ್ನು ನೋಡಿದರೆ ಮದರ್‌ಬೋರ್ಡ್ ಹೋದ ಲಕ್ಷಣ ಕಾಣುವುದಿಲ್ಲ. ಫಾರ್ಮ್ಯಾಟ್ ಹೊಡೆದರೆ ನಿಮ್ಮ ನಾಲ್ಕು ತೊಂದರೆಗಳಲ್ಲಿ ಒಂದು ಮಾತ್ರ ಹೋಗುತ್ತದೆ, ಅದೂ ನಾಲ್ಕರಲ್ಲಿ ತೀರಾ ಸಣ್ಣದು. ಉಳಿದ ಮೂರಕ್ಕೂ ಒಂದೇ ಕಾರಣ ಎಂದು ನನ್ನ ಅಂದಾಜು. ಮದರ್‌ಬೋರ್ಡ್ ಮೇಲೆ ಕೂತಿರುವ, ರೂಪಾಯಿ ನಾಣ್ಯದ ಆಕಾರದ ಒಂದು ಸೆಲ್. ಐವತ್ತು ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ.

ಅಂದಾಜು ಎಂದೆ. ಅದು ನಿಜವೋ ಸುಳ್ಳೋ ಎಂದು ಒಂದು ಪೈಸೆ ಖರ್ಚಿಲ್ಲದೆ ನೀವೇ ನೋಡಬಹುದು. ಅದನ್ನು ಹೇಳುವ ಮುಂಚೆ ಈ ಮೆಸೇಜ್‌ಗಳನ್ನು ಬಿಡಿಸಿಕೊಳ್ಳೋಣ. ಕಂಪ್ಯೂಟರ್ ಆನ್ ಆಗುವಾಗ ಬರುವ ಎಲ್ಲಾ ಮೆಸೇಜನ್ನೂ ಜನ 'ಎರರ್ ಬಂತು' ಎಂದು ಒಂದೇ ಗಂಟು ಕಟ್ಟಿಬಿಡುತ್ತಾರೆ. ರಿಪೇರಿಯವರೂ ಕೆಲವು ಸಲ ಹಾಗೇ ಮಾಡುತ್ತಾರೆ. ಮೆಸೇಜ್ ಏನು ಹೇಳಿತು ಎನ್ನುವಷ್ಟೇ ಮುಖ್ಯ, ಅದು ಯಾವ ಹೊತ್ತಿಗೆ ಬಂತು ಎನ್ನುವುದು.

ವಿಂಡೋಸ್ ಗುರುತು ಕಾಣುವ ಮುಂಚೆ, ಕಪ್ಪು ಪರದೆಯ ಮೇಲೆ ಬಂದದ್ದು ಮದರ್‌ಬೋರ್ಡಿನ ಮಾತು. ಆಗ ವಿಂಡೋಸ್ ಇನ್ನೂ ಎದ್ದೇ ಇರುವುದಿಲ್ಲ, ವೈರಸ್ಸಿಗೂ ಅಲ್ಲಿ ಸಾಮಾನ್ಯವಾಗಿ ಪ್ರವೇಶವಿಲ್ಲ. ವಿಂಡೋಸ್ ಏಳುತ್ತಾ ಏಳುತ್ತಾ ನೀಲಿ ಪರದೆ ಬಂದರೆ ಅದು ಡ್ರೈವರ್, ಡಿಸ್ಕ್ ಅಥವಾ ರ್‍ಯಾಮ್ ಕಡೆಯ ದೂರು. ಡೆಸ್ಕ್‌ಟಾಪ್ ಪೂರ್ತಿ ಬಂದು, ನಿಮ್ಮ ಐಕಾನ್‌ಗಳೆಲ್ಲ ಕಂಡ ಮೇಲೆ ತೇಲಿ ಬರುವ ಬಾಕ್ಸ್ ಯಾವುದೋ ಒಂದು ಪ್ರೋಗ್ರಾಂನದು. ನಿಮ್ಮ ಸಿಮೋಸ್ ಮೆಸೇಜ್ ಮೊದಲನೇ ಜಾತಿಯದು, ರನ್‌ಡಿಎಲ್‌ಎಲ್ ಕೊನೇ ಜಾತಿಯದು. ಎರಡೂ ಒಂದೇ ಮಳೆಗಾಲದಲ್ಲಿ ಬಂದವು ಎನ್ನುವುದು ಬಿಟ್ಟರೆ ಅವಕ್ಕೆ ಸಂಬಂಧವಿಲ್ಲ.

ಆ ಸೆಲ್ ಇರುವುದು ಯಾಕೆ?

ಕಂಪ್ಯೂಟರ್ ಆಫ್ ಆಗಿದ್ದಾಗಲೂ ಅದರೊಳಗೆ ಒಂದು ಗಡಿಯಾರ ಓಡುತ್ತಿರಬೇಕು. 1981ರ ಮೊದಲ ಐಬಿಎಂ ಪಿಸಿಯಲ್ಲಿ ಇದು ಇರಲಿಲ್ಲ. ಪ್ರತಿ ಸಲ ಆನ್ ಮಾಡಿದಾಗಲೂ ಡಾಸ್ (ವಿಂಡೋಸ್‌ಗೆ ಮುಂಚೆ ಅದರ ಜಾಗದಲ್ಲಿದ್ದದ್ದು) ತಾರೀಖು ಕೇಳುತ್ತಿತ್ತು, ಕೂತವರು ಟೈಪ್ ಮಾಡಬೇಕಿತ್ತು. 1984ರಲ್ಲಿ ಬಂದ ಐಬಿಎಂ ಪಿಸಿ ಎಟಿಯಲ್ಲಿ ಬ್ಯಾಟರಿಯಿಂದ ಓಡುವ ಗಡಿಯಾರವನ್ನೂ, ಅದರ ಜೊತೆಗೇ ಸೆಟ್ಟಿಂಗ್ ಬರೆದಿಡಲು ಒಂದು ಪುಟ್ಟ ನೆನಪಿನ ಜಾಗವನ್ನೂ ಕೊಟ್ಟರು. ಎರಡೂ ಸೇರಿ ಬರೀ 64 ಬೈಟ್. ಆ ಏರ್ಪಾಡು ರೂಪ ಬದಲಿಸಿಕೊಂಡು ನಿಮ್ಮ ಸಿಸ್ಟಮ್‌ವರೆಗೂ ಬಂದಿದೆ. ಸಿಮೋಸ್ ಎಂದು ಕರೆಯುವುದು ಆ ಜಾಗವನ್ನೇ.

ಚೆಕ್‌ಸಮ್ ಅಂದರೆ ನೀವು ಲೆಕ್ಕದ ಪುಸ್ತಕದಲ್ಲಿ ಪುಟದ ಕೆಳಗೆ ಮೊತ್ತ ಬರೆದಿಡುತ್ತೀರಲ್ಲ, ಹಾಗೆ. ಸೆಟ್ಟಿಂಗ್‌ಗಳನ್ನೆಲ್ಲ ಕೂಡಿ ಬಂದ ಮೊತ್ತವನ್ನು ಬೋರ್ಡ್ ಪಕ್ಕದಲ್ಲೇ ಬರೆದಿಟ್ಟಿರುತ್ತದೆ. ಬೆಳಿಗ್ಗೆ ಎದ್ದ ತಕ್ಷಣ ಇನ್ನೊಮ್ಮೆ ಕೂಡಿ ನೋಡುತ್ತದೆ. ತಾಳೆಯಾಗದಿದ್ದರೆ ಬರೆದಿಟ್ಟದ್ದನ್ನು ನಂಬುವುದಿಲ್ಲ. ಕಾರ್ಖಾನೆಯಲ್ಲಿ ಹಾಕಿಕೊಟ್ಟ ಸೆಟ್ಟಿಂಗನ್ನೇ ಎತ್ತಿಕೊಂಡು, ಹೀಗೆ ಮಾಡಿದ್ದೇನೆ, ಒಪ್ಪಿಗೆಯಿದ್ದರೆ ಎಫ್1 ಒತ್ತಿ ಎನ್ನುತ್ತದೆ. ನಿಮ್ಮ ಮೆಸೇಜಿನ ಅರ್ಥ ಇಷ್ಟೇ. ಬೋರ್ಡ್ ಕೆಟ್ಟಿದೆ ಎಂದು ಅದರಲ್ಲಿ ಎಲ್ಲೂ ಇಲ್ಲ. ತಾರೀಖು 2015ಕ್ಕೆ ಹೋಗುವುದೂ ಇದರಿಂದಲೇ. ಗಡಿಯಾರ ನಿಂತರೆ ಬೋರ್ಡಿನ ಸಾಫ್ಟ್‌ವೇರ್ ತನಗೆ ಬರೆದುಕೊಟ್ಟ ಆರಂಭದ ತಾರೀಖಿಗೆ ಹಿಂತಿರುಗುತ್ತದೆ.

ಈಗ ನಿಮ್ಮ ಸೋಮವಾರಕ್ಕೆ ಬರೋಣ. ನೀವು ಬರೆದದ್ದರಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದ ಮಾತು ಅದೇ. ಗೋಡೆಯ ಸ್ವಿಚ್ ಆನ್ ಇದ್ದರೆ, ಸಿಸ್ಟಮ್ ಆಫ್ ಆಗಿದ್ದರೂ ಎಸ್‌ಎಂಪಿಎಸ್ (ಕ್ಯಾಬಿನೆಟ್ಟಿನೊಳಗೆ ಕರೆಂಟ್ ಹಂಚುವ ಡಬ್ಬಿ) ಮೂಲಕ ಬೋರ್ಡಿಗೆ ಸಣ್ಣಗೆ ಕರೆಂಟ್ ಹೋಗುತ್ತಲೇ ಇರುತ್ತದೆ. ಆಗ ಗಡಿಯಾರ ಅದರಲ್ಲೇ ಓಡುತ್ತದೆ, ಸೆಲ್ ಮೇಲೆ ಹೆಚ್ಚು ಭಾರ ಬೀಳುವುದಿಲ್ಲ. ಸ್ವಿಚ್ ಆಫ್ ಮಾಡಿದ ಕ್ಷಣದಿಂದ ಪೂರ್ತಿ ಹೊಣೆ ಸೆಲ್ಲಿನದು. ನಿಮ್ಮ ಕಡೆ ಮಳೆಗಾಲದಲ್ಲಿ ಸಿಡಿಲಿನ ಭಯಕ್ಕೆ ರಾತ್ರಿ ಪ್ಲಗ್ ಕಿತ್ತೇ ಮನೆಗೆ ಹೋಗುತ್ತಾರೆ, ಅಲ್ವಾ? ಭಾನುವಾರ ಅಂಗಡಿ ಮುಚ್ಚಿದ್ದರೆ ಶನಿವಾರ ರಾತ್ರಿಯಿಂದ ಸೋಮವಾರ ಬೆಳಿಗ್ಗೆವರೆಗೆ ಸೆಲ್ಲೊಂದೇ ಗಡಿಯಾರವನ್ನು ನಡೆಸಬೇಕು. ಹೊಸ ಸೆಲ್ ವರ್ಷಗಟ್ಟಲೆ ನಡೆಸುತ್ತದೆ. ಸಾಯುತ್ತಾ ಬಂದ ಸೆಲ್ ಒಂದು ರಾತ್ರಿ ಹೇಗೋ ತಳ್ಳುತ್ತದೆ, ಎರಡು ರಾತ್ರಿಗೆ ಕೈಬಿಡುತ್ತದೆ.

ಹಾಗಂತ ಪ್ಲಗ್ ಕೀಳುವುದನ್ನು ನಿಲ್ಲಿಸಬೇಡಿ. ಸಿಡಿಲಿಗೆ ಅದಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿಲ್ಲ. ನಾವು ಸ್ಪೈಕ್ ಬಸ್ಟರ್ ಎಂದು ಕೊಳ್ಳುವ ಹೆಚ್ಚಿನ ಪಟ್ಟಿಗಳು ನೇರ ಸಿಡಿಲಿನ ಮುಂದೆ ಏನೂ ಮಾಡಲಾರವು. ಇಂಟರ್‌ನೆಟ್ ಕೇಬಲ್ಲನ್ನೂ ಕಿತ್ತಿಡಿ. ಎಷ್ಟೋ ಬೋರ್ಡ್‌ಗಳು ಸುಟ್ಟಿರುವುದು ಆ ದಾರಿಯಲ್ಲಿ ಬಂದ ಸಿಡಿಲಿನಿಂದ.

ಖರ್ಚಿಲ್ಲದ ಪರೀಕ್ಷೆ

ಗುಡುಗಿಲ್ಲದ ಒಂದು ರಾತ್ರಿ ನೋಡಿಕೊಳ್ಳಿ. ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ಅಥವಾ ವಿಂಡೋಸ್‌ನಲ್ಲಿ ತಾರೀಖು ಸರಿ ಮಾಡಿ, ಸಿಸ್ಟಮ್ ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ಚನ್ನು ಮಾತ್ರ ಆನ್ ಬಿಟ್ಟು ಹೋಗಿ. ರಾತ್ರಿ ಕರೆಂಟ್ ಹೋಗಿ ಬಂದರೆ ಪರೀಕ್ಷೆ ಲೆಕ್ಕಕ್ಕಿಲ್ಲ, ಇನ್ನೊಂದು ರಾತ್ರಿ ಮಾಡಿ. ಬೆಳಿಗ್ಗೆ ಎರರ್ ಬಾರದೆ ತಾರೀಖೂ ಸರಿ ಇದ್ದರೆ ತಪ್ಪು ಹೆಚ್ಚಾಗಿ ಸೆಲ್ಲಿನದೇ. ಸ್ವಿಚ್ ಆನ್ ಇದ್ದೂ ತಾರೀಖು ಓಡಿಹೋಗಿದ್ದರೆ ಮಾತ್ರ ಬೋರ್ಡಿನ ಕಡೆ ಅನುಮಾನ ಪಡಬೇಕು. ಸೆಟ್ಟಿಂಗ್ ಅಳಿಸುವ ಜಂಪರ್ ಎಂಬ ಪುಟ್ಟ ಟೋಪಿ ತಪ್ಪು ಪಿನ್ ಮೇಲೆ ಕೂತಿರಬಹುದು. ಸೆಲ್ ಕೂರುವ ಜಾಗದಲ್ಲಿ ಹಸಿರು ಹಿಡಿದಿರಬಹುದು. ಎಸ್‌ಎಂಪಿಎಸ್ ಆ ಸಣ್ಣ ಕರೆಂಟನ್ನು ಸರಿಯಾಗಿ ಕೊಡದೆ ಇರಬಹುದು. ಇವೆಲ್ಲವನ್ನೂ ನೋಡಿ ಮುಗಿದ ಮೇಲೆ ಬೋರ್ಡ್ ಹೋಗಿದೆ ಎಂದು ಹೇಳಬೇಕು. ಅದೇ ಮೊದಲ ಮಾತಾಗಬಾರದು.

ಮಲ್ಟಿಮೀಟರ್ ಇದ್ದವರು ಯಾರಾದರೂ ಪಕ್ಕದಲ್ಲಿದ್ದರೆ ಇನ್ನೂ ಬೇಗ ಗೊತ್ತಾಗುತ್ತದೆ. ಹೊಸ ಸೆಲ್ 3 ವೋಲ್ಟ್ ಅಥವಾ ಸ್ವಲ್ಪ ಜಾಸ್ತಿ ತೋರಿಸುತ್ತದೆ. 2.7ರ ಕೆಳಗೆ ಇಳಿದಿದ್ದರೆ ಯೋಚಿಸದೆ ಬದಲಿಸಿ.

ಸೆಲ್ ಬದಲಿಸುವುದು

ಅಂಗಡಿಯಲ್ಲಿ ಸಿಆರ್2032 ಎಂದು ಕೇಳಿ. ನಂಬರಿನಲ್ಲೇ ಅಳತೆಯಿದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. 2025 ಎಂಬುದೂ ಸಿಗುತ್ತದೆ. ಅದು ತೆಳುವು, ಸರಿಯಾಗಿ ಕೂರದೆ ಅಲ್ಲಾಡುತ್ತದೆ. ಕಾರ್ಡಿನಲ್ಲಿ ಪ್ಯಾಕ್ ಆದ, ಹೆಸರಿರುವ ಕಂಪನಿಯದೇ ತಗೊಳ್ಳಿ. ಡಬ್ಬಿಯಲ್ಲಿ ಬಿಡಿಯಾಗಿ ಸುರಿದಿಟ್ಟ ಸೆಲ್‌ಗಳು ಒಂದಕ್ಕೊಂದು ತಾಗಿ ಅಂಗಡಿಯಲ್ಲೇ ಅರ್ಧ ಖಾಲಿಯಾಗಿರಬಹುದು.

ಬಿಚ್ಚುವ ಮುಂಚೆ ಒಂದು ಕೆಲಸವನ್ನು ತಪ್ಪದೆ ಮಾಡಿ. ಎರರ್ ಬಾರದೆ ಸರಿಯಾಗಿ ಎದ್ದ ದಿನ, ಸಿಸ್ಟಮ್ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಕೀ ಒತ್ತುತ್ತಾ ಬಯಾಸ್‌ಗೆ ಹೋಗಿ, ಒಂದೊಂದು ಪುಟದ ಫೋಟೋವನ್ನೂ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಅದರಲ್ಲಿ ಎರಡು ಪುಟ ಮುಖ್ಯ. ಒಂದು ಬೂಟ್ ಆರ್ಡರ್, ಅಂದರೆ ಕಂಪ್ಯೂಟರ್ ಯಾವುದರಿಂದ ಮೊದಲು ಏಳಬೇಕು ಎಂಬ ಪಟ್ಟಿ. ಇನ್ನೊಂದು ಸಾಟಾ ಮೋಡ್, ಅಂದರೆ ಬೋರ್ಡ್ ಡಿಸ್ಕಿನ ಜೊತೆ ಮಾತಾಡುವ ರೀತಿ ಎಎಚ್‌ಸಿಐ ಇದೆಯೋ ಐಡಿಇ ಇದೆಯೋ ಎಂದು ತೋರಿಸುವ ಸಾಲು. ಸೆಲ್ ತೆಗೆದ ಮೇಲೆ ಎಲ್ಲಾ ಸೆಟ್ಟಿಂಗೂ ಕಾರ್ಖಾನೆಯಲ್ಲಿ ಹಾಕಿಕೊಟ್ಟಂತಾಗುತ್ತವೆ. ಸಾಟಾ ಮೋಡ್ ಮೊದಲಿದ್ದದ್ದಕ್ಕಿಂತ ಬೇರೆಯಾದರೆ ವಿಂಡೋಸ್ ನೀಲಿ ಪರದೆ ತೋರಿಸಿ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಎನ್ನುತ್ತದೆ. ಡಿಸ್ಕಿಗೆ ಏನೂ ಆಗಿರುವುದಿಲ್ಲ. ಬಯಾಸ್‌ನ ಆ ಒಂದು ಸಾಲನ್ನು ವಾಪಸ್ ತಿರುಗಿಸಿದರೆ ವಿಂಡೋಸ್ ಎದ್ದು ಕೂರುತ್ತದೆ. ಇದು ಗೊತ್ತಿಲ್ಲದೆ ಫಾರ್ಮ್ಯಾಟ್ ಹೊಡೆಸಿಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಬದಲಿಸುವಾಗ ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಖಾಲಿಯಾಗುತ್ತದೆ. ಪಕ್ಕದ ಮುಚ್ಚಳ ತೆಗೆದು, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ. ಸೆಲ್ ಪಕ್ಕದಲ್ಲಿ ಒಂದು ಸಣ್ಣ ಲೋಹದ ಕೊಂಡಿ ಇರುತ್ತದೆ. ಅದನ್ನು ಉಗುರಿನಿಂದ ಹೊರಗೆ ತಳ್ಳಿದರೆ ಸೆಲ್ ತಾನೇ ಮೇಲಕ್ಕೆ ಚಿಮ್ಮುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಜಾರಿದರೆ ಬೋರ್ಡಿನ ಮೇಲಿನ ಕೂದಲೆಳೆಯಷ್ಟು ಸಣ್ಣ ಗೆರೆ ಕತ್ತರಿಸುತ್ತದೆ, ಆಗ ರಿಪೇರಿಯವರ ಮಾತು ನಿಜವಾಗಿಬಿಡುತ್ತದೆ. ಹೊಸದನ್ನು ಪ್ಲಸ್ ಗುರುತು ಮೇಲೆ ಬರುವ ಹಾಗೆ ಒತ್ತಿ ಕೂರಿಸಿ.

ಮುಚ್ಚಳ ತೆಗೆದಾಗ ಒಳಗೊಮ್ಮೆ ಟಾರ್ಚ್ ಬಿಟ್ಟು ನೋಡಿ. ಮಲೆನಾಡಿನ ಕ್ಯಾಬಿನೆಟ್ಟಿನಲ್ಲಿ ಇರುವೆ ಗೂಡು, ಹಲ್ಲಿ ಮೊಟ್ಟೆ, ಜಿರಳೆ ಇವೆಲ್ಲ ಹೊಸದೇನಲ್ಲ. ಸೆಲ್ಲಿನ ಕೆಳಗಿನ ಲೋಹದ ಪಟ್ಟಿಗೆ ಹಸಿರು ಹಿಡಿದಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಕಿವಿ ಬಡ್ಸ್‌ನಿಂದ ಒರೆಸಿ, ಒಣಗಲು ಬಿಡಿ. ಧೂಳು ಹಾರಿಸುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ.

ತೆಗೆದ ಹಳೇ ಸೆಲ್ಲನ್ನು ಕೌಂಟರ್ ಮೇಲೆ ಬಿಟ್ಟು ಹೋಗಬೇಡಿ. ನಿಮ್ಮ ಅಂಗಡಿಗೆ ಮಕ್ಕಳು ಬರುತ್ತಾರೆ. ಈ ಸೆಲ್ ನುಂಗಿದ ಮಗುವಿನ ಅನ್ನನಾಳ ಎರಡೇ ಗಂಟೆಯಲ್ಲಿ ಸುಟ್ಟುಹೋಗಬಹುದು. ಖಾಲಿಯಾದ ಸೆಲ್ಲಿನಲ್ಲೂ ಅಷ್ಟು ಶಕ್ತಿ ಉಳಿದಿರುತ್ತದೆ. ಎರಡೂ ಬದಿಗೆ ಟೇಪ್ ಸುತ್ತಿ ಇ-ವೇಸ್ಟ್ ತಗೊಳ್ಳುವವರಿಗೆ ಕೊಡಿ.

ಮತ್ತೆ ಆನ್ ಮಾಡಿದಾಗ ಆ ಎರರ್ ಕೊನೆಯದಾಗಿ ಒಮ್ಮೆ ಬರುತ್ತದೆ. ಗಾಬರಿ ಬೇಡ. ಬಯಾಸ್‌ಗೆ ಹೋಗಿ ತಾರೀಖು, ಸಮಯ ಹಾಕಿ, ಫೋಟೋ ನೋಡಿಕೊಂಡು ಆ ಎರಡು ಸಾಲು ಸರಿ ಮಾಡಿ, ಎಫ್10 ಒತ್ತಿ ಸೇವ್ ಮಾಡಿ.

ಇದೆಲ್ಲ ಡೆಸ್ಕ್‌ಟಾಪ್ ಮಾತು. ಲ್ಯಾಪ್‌ಟಾಪ್‌ನಲ್ಲಿ ಈ ಸೆಲ್ ಹೆಚ್ಚಾಗಿ ವೈರಿನ ತುದಿಯಲ್ಲಿ ಒಳಗೆಲ್ಲೋ ಅಂಟಿಕೊಂಡಿರುತ್ತದೆ, ಕೆಲವದರಲ್ಲಿ ಇರುವುದೇ ಇಲ್ಲ. ಅದನ್ನು ಮನೆಯಲ್ಲಿ ಬಿಚ್ಚಬೇಡಿ. ಇನ್ನೊಂದು ಅಪಾಯವೂ ಇದೆ. ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಎಂಬ ವಿಂಡೋಸ್‌ನ ಬೀಗ ಬಿದ್ದಿರುತ್ತದೆ, ಮಾಲೀಕರಿಗೇ ಅದು ಗೊತ್ತಿರುವುದಿಲ್ಲ. ಬಯಾಸ್ ಸೆಟ್ಟಿಂಗ್ ಬದಲಾದರೆ ಅದು 48 ಅಂಕಿಯ ರಿಕವರಿ ಕೀ ಕೇಳಿ ಕೂರುತ್ತದೆ. ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಕೀ ಎಲ್ಲೂ ಸಿಗದಿದ್ದರೆ ಒಳಗಿನ ಫೈಲ್ ಆಸೆ ಬಿಡಬೇಕು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸೆಕ್ಯುರಿಟಿ ಸಾಫ್ಟ್‌ವೇರ್ ಕಂಪನಿಯ ಒಂದು ಕೆಟ್ಟ ಅಪ್‌ಡೇಟಿನಿಂದ ಲೋಕದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು. ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಆ ಯಂತ್ರಗಳಿಗೆ ಬೇಕಾದ ರಿಪೇರಿ ಒಂದು ಫೈಲ್ ಅಳಿಸುವಷ್ಟೇ. ಆದರೆ ಬಿಟ್‌ಲಾಕರ್ ಕೀ ಹುಡುಕುವುದರಲ್ಲೇ ಎಷ್ಟೋ ಆಫೀಸುಗಳ ದಿನಗಳು ಕಳೆದವು. ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದರೆ ಆ ಕೀಯನ್ನು ಇವತ್ತೇ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಪೆನ್ ಡ್ರೈವ್ ಮರೆತವರು ಯಾರು?

'ರಿಮೂವ್ ಡಿಸ್ಕ್ಸ್ ಆರ್ ಅದರ್ ಮೀಡಿಯಾ' ಎಂದು ನಿಂತ ಆ ಎರಡು ದಿನ, ಗಿರಾಕಿಗಳ ಪೆನ್ ಡ್ರೈವ್ ಏನಾದರೂ ಸಿಸ್ಟಮ್‌ಗೆ ಚುಚ್ಚಿದ ಹಾಗೇ ಇತ್ತೇ ನೆನಪು ಮಾಡಿಕೊಳ್ಳಿ. ಇತ್ತು ಎಂದೇ ನನ್ನ ಊಹೆ. ಆ ಮೆಸೇಜ್ ಬಂದದ್ದು ಹೆಚ್ಚಾಗಿ ಆ ಪೆನ್ ಡ್ರೈವಿನೊಳಗಿಂದಲೇ. ವಿಂಡೋಸ್‌ನಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್ ಡ್ರೈವಿನ ಮೊದಲ ತುಣುಕಿನಲ್ಲಿ ಇಂಥ ಒಂದು ಸಾಲು ಅಡಗಿರುತ್ತದೆ. ಕಂಪ್ಯೂಟರ್ ಅದರಿಂದ ಏಳಲು ಹೋದರೆ, ನನ್ನಲ್ಲಿ ವಿಂಡೋಸ್ ಇಲ್ಲ, ನನ್ನನ್ನು ತೆಗಿ ಎನ್ನುತ್ತದೆ.

ಮೊದಲು ಹೀಗಾಗದೆ ಈಗ ಯಾಕೆ ಆಯಿತು? ಸಿಮೋಸ್ ಅಳಿಸಿ ಡಿಫಾಲ್ಟ್ ಕೂತಾಗ ಬೂಟ್ ಆರ್ಡರ್ ಬದಲಾಗಿರುತ್ತದೆ. ಹಾರ್ಡ್ ಡಿಸ್ಕಿಗೆ ಮುಂಚೆ ಯುಎಸ್‌ಬಿ ನೋಡು ಎಂದಾಗಿರುತ್ತದೆ. ಆಮೇಲೆ ಯಾರೋ ಪೆನ್ ಡ್ರೈವ್ ಕಿತ್ತುಕೊಂಡು ಹೋದರು, ಸಿಸ್ಟಮ್ ಎದ್ದಿತು, ತಾನಾಗಿ ಸರಿಯಾಯಿತು ಎನಿಸಿತು. ಹೊಸ ಸೆಲ್ ಹಾಕಿ ಹಾರ್ಡ್ ಡಿಸ್ಕನ್ನು ಮೊದಲಿಗೆ ತಂದರೆ ಇದು ಮುಗಿಯಿತು.

ಯಾವ ಪೆನ್ ಡ್ರೈವೂ ಇರಲಿಲ್ಲ ಎಂದು ಖಾತ್ರಿ ಇದ್ದರೆ ಮಾತು ಬೇರೆ. ಆಗ ಹಾರ್ಡ್ ಡಿಸ್ಕಿನ ಕೇಬಲ್ ಸಡಿಲವೋ, ಡಿಸ್ಕೇ ಸೋಲುತ್ತಿದೆಯೋ ನೋಡಬೇಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಪ್ರೋಗ್ರಾಂ ಹಾಕಿ ತೆರೆಯಿರಿ. ಮೇಲೆಯೇ ಗುಡ್, ಕಾಷನ್, ಬ್ಯಾಡ್ ಎಂದು ಕಾಣುತ್ತದೆ. ಕಾಷನ್ ಬಂದರೂ ಸಾಕು, ಬೇರೆಲ್ಲ ಬಿಟ್ಟು ಮೊದಲು ಫೈಲ್ ಕಾಪಿ ಮಾಡಿ. ಆಗ ಚೆಕ್‌ಡಿಸ್ಕ್ (ಡಿಸ್ಕಿನ ತಪ್ಪು ಹುಡುಕುವ ವಿಂಡೋಸ್ ಪ್ರೋಗ್ರಾಂ) ಓಡಿಸಲು ಹೋಗಬೇಡಿ. ಸೋಲುತ್ತಿರುವ ಡಿಸ್ಕನ್ನು ಅದು ಗಂಟೆಗಟ್ಟಲೆ ಕೆದಕುತ್ತದೆ, ಕಾಪಿ ಮಾಡುವ ಮುಂಚೆಯೇ ಡಿಸ್ಕ್ ಪೂರ್ತಿ ಮಲಗಬಹುದು.

ಬ್ಯಾಂಕಿನ ವೆಬ್‌ಸೈಟ್ ತೆರೆಯದಿರುವುದಕ್ಕೆ ವೈರಸ್ಸೂ ಕಾರಣವಲ್ಲ, ಇಂಟರ್‌ನೆಟ್ಟೂ ಕಾರಣವಲ್ಲ. ಪ್ರತಿ ಸುರಕ್ಷಿತ ವೆಬ್‌ಸೈಟಿಗೂ ಒಂದು ಸರ್ಟಿಫಿಕೇಟ್ ಇರುತ್ತದೆ, ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅದರಲ್ಲಿ ಬರೆದಿರುತ್ತದೆ. ನಿಮ್ಮ ಕಂಪ್ಯೂಟರ್ 2015ರಲ್ಲಿ ಕೂತು ನೋಡಿದರೆ ಆ ಸರ್ಟಿಫಿಕೇಟ್ ಇನ್ನೂ ಹುಟ್ಟಿಯೇ ಇಲ್ಲ. ತಾರೀಖು ಸರಿ ಮಾಡಿ ಪುಟ ಮತ್ತೆ ತೆರೆದರೆ ಸಾಕು. ಗಡಿಯಾರ ವರ್ಷಗಟ್ಟಲೆ ಹಿಂದೆ ಬಿದ್ದಿದ್ದರೆ ವಿಂಡೋಸ್ ತಾನಾಗಿ ಸರಿಪಡಿಸಿಕೊಳ್ಳದೆ ಇರಬಹುದು, ಕೈಯಿಂದಲೇ ಹಾಕಿ. 'ಅಡ್ವಾನ್ಸ್ಡ್' ಒತ್ತಿ ಹೇಗಾದರೂ ಒಳಗೆ ಹೋಗುವ ಅಭ್ಯಾಸ ಮಾತ್ರ ಬೇಡ, ಅದರಲ್ಲೂ ಗಿರಾಕಿಯ ಬ್ಯಾಂಕ್ ಪಾಸ್‌ವರ್ಡ್ ಹಾಕುವ ಜಾಗದಲ್ಲಿ. ಇನ್ನೊಂದು: ತಾರೀಖು ತಪ್ಪಿದ್ದ ದಿನ ಟ್ಯಾಲಿಯಲ್ಲಿ ಏನಾದರೂ ಎಂಟ್ರಿ ಹಾಕಿದ್ದರೆ, ಬಿಲ್ ಪ್ರಿಂಟ್ ತೆಗೆದಿದ್ದರೆ, ತಾರೀಖನ್ನು ಒಮ್ಮೆ ಪರೀಕ್ಷಿಸಿ.

ರನ್‌ಡಿಎಲ್‌ಎಲ್ ಬಾಕ್ಸ್

ಇದರ ವಿಷಯದಲ್ಲಿ ನಿಮ್ಮ ಅಕ್ಕನ ಮಗ ಅರ್ಧ ಸರಿ. ಅಲ್ಲಿ ವೈರಸ್ ಇದ್ದಿರಬಹುದು. ಆದರೆ ಬಾಕ್ಸ್ ಬರುತ್ತಿರುವುದು ಆ ಫೈಲ್ ಹೋಗಿದೆ ಎಂಬ ಕಾರಣಕ್ಕೆ. ಜೆರಾಕ್ಸ್ ಅಂಗಡಿಗಳಲ್ಲಿ ಪೆನ್ ಡ್ರೈವ್ ಮೂಲಕ ಸುತ್ತುವ ಒಂದು ಬಗೆಯ ವೈರಸ್ ಇದೆ. ಫೋಲ್ಡರ್‌ಗಳನ್ನು ಅಡಗಿಸಿ ಅವುಗಳ ಜಾಗದಲ್ಲಿ ಶಾರ್ಟ್‌ಕಟ್ ಇಡುತ್ತದೆ. ಕಂಪ್ಯೂಟರ್ ಎದ್ದಾಗಲೆಲ್ಲ ನನ್ನನ್ನೂ ಎಬ್ಬಿಸು ಎಂದು ವಿಂಡೋಸ್‌ನಲ್ಲಿ ಒಂದು ಸಾಲು ಬರೆದಿಡುತ್ತದೆ. ಆಂಟಿವೈರಸ್ ಬಂದು ಫೈಲನ್ನು ಅಳಿಸುತ್ತದೆ, ಬರೆದಿಟ್ಟ ಸಾಲನ್ನು ಎಷ್ಟೋ ಸಲ ಬಿಟ್ಟುಬಿಡುತ್ತದೆ. ವಿಂಡೋಸ್ ದಿನಾ ಆ ಸಾಲನ್ನು ಓದಿ, ಹುಡುಕಿ, ಸಿಗದೆ ನಿಮಗೆ ದೂರು ಹೇಳುತ್ತದೆ. ಕಿತ್ತುಹಾಕಿದ ಹಳೇ ಪ್ರಿಂಟರ್ ಸಾಫ್ಟ್‌ವೇರ್ ಕೂಡ ಇದೇ ಬಾಕ್ಸ್ ತರಿಸುತ್ತದೆ. ಯಾವುದು ಎಂದು ತಿಳಿಯಲು ಬಾಕ್ಸಿನಲ್ಲಿರುವ ಫೈಲಿನ ದಾರಿ ಓದಿ. ಪ್ರೋಗ್ರಾಂ ಫೈಲ್ಸ್ ಫೋಲ್ಡರ್, ಪ್ರಿಂಟರ್ ಕಂಪನಿಯ ಹೆಸರು ಕಂಡರೆ ಸಾಧು. ಆಪ್‌ಡೇಟಾ ಅಥವಾ ಟೆಂಪ್ ಫೋಲ್ಡರ್, ಅದರೊಳಗೆ ಅರ್ಥವಿಲ್ಲದ ಅಕ್ಷರಗಳ ಹೆಸರು ಕಂಡರೆ ವೈರಸ್ಸಿನ ಅವಶೇಷ.

ಬಾಕ್ಸಿನಲ್ಲಿ ಕಾಣುವ ಆ ಡಿಎಲ್‌ಎಲ್ ಫೈಲಿನ ಹೆಸರನ್ನು ಗೂಗಲ್‌ನಲ್ಲಿ ಹುಡುಕಿ, ಯಾವುದೋ ವೆಬ್‌ಸೈಟಿನಿಂದ ಇಳಿಸಿ ಹಾಕುವ ಸಲಹೆ ಯಾರಾದರೂ ಕೊಟ್ಟಾರು. ಖಂಡಿತ ಬೇಡ. ಹೋದ ವೈರಸ್ಸನ್ನು ನಾವೇ ಕರೆದು ಕೂರಿಸಿದ ಹಾಗಾಗುತ್ತದೆ. ಮೈಕ್ರೋಸಾಫ್ಟ್‌ನದೇ ಆದ ಆಟೋರನ್ಸ್ ಎಂಬ ಉಚಿತ ಪ್ರೋಗ್ರಾಂ ಇದೆ. ಅದನ್ನು ತೆರೆದರೆ ವಿಂಡೋಸ್ ಜೊತೆ ಏಳುವ ಎಲ್ಲದರ ಪಟ್ಟಿ ಬರುತ್ತದೆ, ಫೈಲ್ ಇಲ್ಲದ ಸಾಲುಗಳು ಹಳದಿ ಬಣ್ಣದಲ್ಲಿ ಕಾಣುತ್ತವೆ. ಬಾಕ್ಸಿನಲ್ಲಿ ಬಂದ ಹೆಸರಿನ ಸಾಲಿನ ಟಿಕ್ ತೆಗೆಯಿರಿ. ಡಿಲೀಟ್ ಮಾಡಬೇಡಿ, ಟಿಕ್ ಮಾತ್ರ. ರೀಸ್ಟಾರ್ಟ್ ಮಾಡಿ ಬಾಕ್ಸ್ ಬಾರದಿದ್ದರೆ ಅಲ್ಲಿಗೆ ಬಿಡಿ. ಉಳಿದ ಹಳದಿ ಸಾಲುಗಳ ತಂಟೆಗೆ ಹೋಗಬೇಡಿ. ಆಮೇಲೆ ವಿಂಡೋಸ್ ಸೆಕ್ಯುರಿಟಿಯಲ್ಲಿ ಆಫ್‌ಲೈನ್ ಸ್ಕ್ಯಾನ್ ಎಂಬುದನ್ನು ಒಮ್ಮೆ ಓಡಿಸಿ. ಸಿಸ್ಟಮ್ ತಾನೇ ರೀಸ್ಟಾರ್ಟ್ ಆಗಿ ವಿಂಡೋಸ್ ಏಳುವ ಮುಂಚೆಯೇ ಹುಡುಕುತ್ತದೆ, ಅಡಗಿ ಕೂತದ್ದು ಏನಾದರೂ ಇದ್ದರೆ ಅಲ್ಲಿ ಸಿಗುತ್ತದೆ.

ದಿನಾ ಎಫ್1 ಒತ್ತಿದರೆ?

ನಿಮಗೆ ಬರುತ್ತಿರುವ ಮೆಸೇಜಿಗೆ ಎಫ್1 ಒತ್ತುವುದರಿಂದ ಏನೂ ಹಾಳಾಗುವುದಿಲ್ಲ. ತಾರೀಖು ತಪ್ಪುವ, ಪೆನ್ ಡ್ರೈವಿಗೆ ಸಿಕ್ಕಿಕೊಳ್ಳುವ ರಗಳೆ ಅಷ್ಟೇ. ಆದರೆ ನನಗೆ ಚಿಂತೆ ನಿಮ್ಮ ಅಭ್ಯಾಸದ್ದು. ಕೊನೆಯ ಸಾಲು ಒಂದೇ ಇರುವ ಬೇರೆ ಮೆಸೇಜ್‌ಗಳೂ ಇವೆ. 'ಸಿಪಿಯು ಫ್ಯಾನ್ ಎರರ್, ಪ್ರೆಸ್ ಎಫ್1' ಅನ್ನುವುದೊಂದು. 'ಸ್ಮಾರ್ಟ್ ಸ್ಟೇಟಸ್ ಬ್ಯಾಡ್, ಬ್ಯಾಕಪ್ ಆಂಡ್ ರಿಪ್ಲೇಸ್, ಪ್ರೆಸ್ ಎಫ್1' ಅನ್ನುವುದು ಇನ್ನೊಂದು. ಬೆಳಿಗ್ಗೆ ಗಿರಾಕಿ ಕೌಂಟರಿನಲ್ಲಿ ನಿಂತಿರುತ್ತಾರೆ, ಕೈ ತಾನಾಗಿ ಎಫ್1 ಒತ್ತುತ್ತದೆ, ಮೇಲಿನ ಸಾಲು ಯಾರೂ ಓದುವುದಿಲ್ಲ. ಫ್ಯಾನ್ ನಿಂತಿದ್ದರೆ ಪ್ರೊಸೆಸರ್ ಬಿಸಿಯಾಗಿ ಸಿಸ್ಟಮ್ ನಿಧಾನವಾಗುತ್ತದೆ, ಇನ್ನೂ ಬಿಸಿಯಾದರೆ ಧಡಕ್ಕನೆ ಆಫ್ ಆಗುತ್ತದೆ. ಬಯಾಸ್‌ನಲ್ಲಿ 'ಇಗ್ನೋರ್' ಎಂದು ಹಾಕಿ ಮೆಸೇಜಿನ ಬಾಯಿ ಮುಚ್ಚಿಸಿ ದುಡ್ಡು ತಗೊಂಡು ಹೋಗುವವರಿದ್ದಾರೆ, ಒಪ್ಪಬೇಡಿ. ಎರಡನೆಯದು ಬಂದರಂತೂ ಆ ದಿನ ಬೇರೆ ಕೆಲಸ ಮಾಡಬೇಡಿ. ಡಿಸ್ಕ್ ತಾನು ಸಾಯುತ್ತಿದ್ದೇನೆ ಎಂದು ತಾನೇ ಬಾಯಿಬಿಟ್ಟು ಹೇಳುವುದು ಅಪರೂಪ, ಎಷ್ಟೋ ಡಿಸ್ಕ್‌ಗಳು ಅದನ್ನೂ ಹೇಳದೆ ಹೋಗುತ್ತವೆ. ಅದಕ್ಕೇ ಸೆಲ್ ಬೇಗ ಬದಲಿಸಿ ಎನ್ನುತ್ತೇನೆ. ಆಗ ಎಫ್1 ಕೇಳಿದ ದಿನ ನೀವು ನಿಂತು ಓದುತ್ತೀರಿ.

ಫಾರ್ಮ್ಯಾಟ್, ಹೊಸ ಸಿಸ್ಟಮ್

ಫಾರ್ಮ್ಯಾಟ್ ಮಾಡಲೇಬೇಕಾದ ದಿನವೂ ಒಮ್ಮೆ ಬರಬಹುದು. 'ಸಿ ಡ್ರೈವ್ ಮಾತ್ರ ಹೋಗುತ್ತದೆ, ಡಿ ಡ್ರೈವ್ ಹಾಗೇ ಇರುತ್ತದೆ' ಎನ್ನುತ್ತಾರೆ. ಮಾತು ನಿಜ. ಆದರೆ ಡೆಸ್ಕ್‌ಟಾಪ್ ಮೇಲೆ ಇಟ್ಟದ್ದು, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಎಲ್ಲಾ ಇರುವುದು ಸಿ ಒಳಗೇ. ಟ್ಯಾಲಿ ಡೇಟಾ ಫೋಲ್ಡರ್ ಕೂಡ, ಯಾರೂ ಬದಲಿಸದಿದ್ದರೆ, ಹೆಚ್ಚಾಗಿ ಸಿ ಒಳಗೇ ಇರುತ್ತದೆ. ಟ್ಯಾಲಿ ತೆರೆದು ಕಂಪನಿ ಆಯ್ಕೆ ಮಾಡುವ ಪರದೆಯಲ್ಲಿ ಡೇಟಾ ದಾರಿ ಕಾಣುತ್ತದೆ, ಅದನ್ನು ಬರೆದಿಟ್ಟುಕೊಂಡು ಆ ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿ. ಟ್ಯಾಲಿಯೊಳಗೆ ಅದರ ಲೈಸೆನ್ಸ್ ಸರೆಂಡರ್ ಮಾಡಿಯೇ (ವಾಪಸ್ ಒಪ್ಪಿಸಿಯೇ) ಫಾರ್ಮ್ಯಾಟಿಗೆ ಕೊಡಿ. ನುಡಿ ಫೈಲ್‌ಗಳ ಜೊತೆ ಫಾಂಟ್‌ಗಳನ್ನೂ ಕಾಪಿ ಮಾಡಿ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಮದುವೆ ಪತ್ರಿಕೆ, ಅದೇ ಫಾಂಟ್ ಇಲ್ಲದ ಸಿಸ್ಟಮ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಕಾಪಿ ಮಾಡಲು ಪೆನ್ ಡ್ರೈವ್ ನಂಬಬೇಡಿ, ಹೊರಗಿನ ಹಾರ್ಡ್ ಡಿಸ್ಕ್ ಒಂದನ್ನು ಕೊಂಡುಕೊಳ್ಳಿ. ಕೆಲಸ ಮುಗಿದ ಮೇಲೆ ಅದನ್ನು ಕಿತ್ತು ಮನೆಯಲ್ಲಿಡಿ.

ಹೊಸ ಸಿಸ್ಟಮ್ ಬೇಕೇ ಎಂದರೆ, ಈ ಎರರ್‌ಗಾಗಿ ಬೇಡ. ಆದರೆ ಬೇರೆ ಕಾರಣಕ್ಕೆ ಯೋಚಿಸಬೇಕಾದೀತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್ ಆದರೆ 8ನೇ ತಲೆಮಾರಿನ ಪ್ರೊಸೆಸರ್ ಬೇಕು ಎನ್ನುತ್ತಾರೆ, 2016ರ ಯಂತ್ರ ಅದಕ್ಕಿಂತ ಹಿಂದಿನದು. ಟೈಪಿಂಗ್, ಪ್ರಿಂಟಿಂಗ್‌ಗೆ ನಿಮ್ಮದು ಇನ್ನೂ ಓಡುತ್ತದೆ. ಹಳೇ ಹಾರ್ಡ್ ಡಿಸ್ಕ್ ಬದಲು ಒಂದು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿದರೆ ಬೇರೆ ಯಂತ್ರವೇನೋ ಅನ್ನುವಷ್ಟು ಚುರುಕಾಗುತ್ತದೆ. ಆದರೆ ಗಿರಾಕಿಗಳ ಬ್ಯಾಂಕ್ ಕೆಲಸ, ಆಧಾರ್, ಅರ್ಜಿಗಳ ಕೆಲಸ ಮಾಡುವ ಸಿಸ್ಟಮ್‌ಗೆ ಸೆಕ್ಯುರಿಟಿ ಅಪ್‌ಡೇಟ್ ಇಲ್ಲದಿರುವುದು ಒಳ್ಳೆಯದಲ್ಲ. ಆ ಕೆಲಸಗಳಿಗಾದರೂ, ಕೈಯಲ್ಲಿ ದುಡ್ಡು ಓಡಾಡುವ ಸಮಯದಲ್ಲಿ, ಒಂದು ಹೊಸದನ್ನು ತಗೊಳ್ಳಿ. ಹೆದರಿಕೆಯಲ್ಲಿ ನಾಳೆಯೇ ಬೇಡ.

ತಗೊಂಡ ದಿನ ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಡುವುದಾದರೆ ಹಾರ್ಡ್ ಡಿಸ್ಕ್ ಬಿಚ್ಚಿಟ್ಟುಕೊಂಡೇ ಕೊಡಿ, ಅದಕ್ಕೆ ನೂರಿನ್ನೂರು ಕಡಿಮೆ ಕೊಟ್ಟರೂ ಸರಿ. ಊರಿನ ಅರ್ಧ ಜನರ ಆಧಾರ್, ಪಹಣಿ, ಜಾತಿ ಪ್ರಮಾಣಪತ್ರದ ಸ್ಕ್ಯಾನ್ ಅದರಲ್ಲಿದೆ. ಡಿಲೀಟ್ ಮಾಡಿದ ಫೈಲನ್ನು ವಾಪಸ್ ತೆಗೆಯುವುದು ದೊಡ್ಡ ವಿದ್ಯೆಯೇನಲ್ಲ.